ಕಣ ಕಾಯುವ ನಾಯಿಯ ವಿಚಾರ

ಕಾಫಿ ಹಣ್ಣು ಕಣಕ್ಕೆ ಬಿತ್ತೆಂದರೆ, ಅಡಿಕೆ ಬೇಯಿಸಿ ಅಂಗಳದಲ್ಲಿ ಹರವಿದೆವೆಂದರೆ, ಬೆಳೆಗಾರನ ನಿದ್ದೆ ಅರ್ಧವಾಗುತ್ತದೆ. ಕಾಫಿ, ಮೆಣಸುಗಳಿಗೆ ಬೆಲೆ ಬಂದ ವರ್ಷವಂತೂ ಕೇಳುವುದೇ ಬೇಡ. ರಾತ್ರಿ ಕಾವಲಿಗೆ ಆಳು ಇಡುವ ಶಕ್ತಿ ಎರಡು ಮೂರು ಎಕರೆಯ ನಮ್ಮಂಥವರಿಗಿಲ್ಲ. ಹೀಗಾಗಿ ಬಾಣಾವರದ ಅಡಿಕೆ, ತೆಂಗಿನ ತೋಟವಿರಲಿ, ಜಾವಗಲ್, ಹಳೇಬೀಡು ದಾಟಿ ಬೇಲೂರಿನ ಆಚೆಗೆ ಸಿಗುವ ಕಾಫಿ ತೋಟವಿರಲಿ, ಮನೆಗೊಂದು ನಾಯಿ ಇದ್ದೇ ಇರುತ್ತದೆ. ಆದರೆ ಬೋರ್ಡೋ ದ್ರಾವಣದ ಲೆಕ್ಕ ಬಾಯಿಪಾಠವಿರುವ ಸದಸ್ಯರಿಗೂ ನಾಯಿಯ ವಿಷಯದಲ್ಲಿ ಕೇಳಿದ್ದೇ ಶಾಸ್ತ್ರ. ಆದ್ದರಿಂದ ಈ ಸಂಚಿಕೆಯಲ್ಲಿ ಆ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲನೆಯದು ಉಗುರಿನ ಶಾಸ್ತ್ರ. ಇಪ್ಪತ್ತು ಉಗುರಿನ ನಾಯಿ ಮನೆಗೆ ಶುಭ, ಹದಿನೆಂಟಾದರೆ ಸಾಲದು ಎಂದು ಮರಿಯ ಕಾಲು ಎಣಿಸುವವರಿದ್ದಾರೆ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕುನಾಲ್ಕು, ಒಟ್ಟು ಹದಿನೆಂಟೇ ನಾಯಿಗೆ ಸಹಜ. ಹಿಂಗಾಲಿನಲ್ಲಿ ಹೆಚ್ಚಿನದೊಂದು ಉಗುರು ಮೂಡುವುದು ಕೆಲವಕ್ಕೆ ಹುಟ್ಟಿನಿಂದ ಬರುತ್ತದೆ; ಕಾವಲಿಗೂ ಅದಕ್ಕೂ ಸಂಬಂಧವಿಲ್ಲ. ಆ ಉಗುರು ನೆಲಕ್ಕೆ ತಾಗಿ ಸವೆಯದ ಕಾರಣ ಬೆಳೆದು ಬೇಲಿಗೆ ಸಿಕ್ಕಿ ಹರಿಯುವುದೇ ಹೆಚ್ಚು. ಉಗುರು ಎಣಿಸುವ ಬದಲು ಮರಿಯ ವಯಸ್ಸು ಕೇಳಿರಿ. ಕಣ್ಣು ಬಿಟ್ಟಿತೆಂದು ತಿಂಗಳಿಗೇ ಮರಿಯನ್ನು ಎತ್ತಿಕೊಂಡು ಬರುವುದು ನಮ್ಮ ಕಡೆ ವಾಡಿಕೆ. ಇದು ತಪ್ಪು. ಎಂಟು ವಾರವಾದರೂ ಅದು ತಾಯಿಯ ಹತ್ತಿರ, ಒಡಹುಟ್ಟಿದವುಗಳ ಜೊತೆ ಇರತಕ್ಕದ್ದು. ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದು ಅಲ್ಲಿಯೇ. ಬೇಗ ತಂದ ಮರಿ ಮುಂದೆ ಮಕ್ಕಳಿಗೆ ಹಲ್ಲು ಹಾಕುವುದು ಹೆಚ್ಚು. ಮರಿಗೆ ಹಾಲುಹಲ್ಲು 28, ಬೆಳೆದ ನಾಯಿಗೆ ಹಲ್ಲು 42. ಐದಾರು ತಿಂಗಳಲ್ಲಿ ಹಲ್ಲು ಬದಲಾಗುವಾಗ ಕೈಗೆ ಸಿಕ್ಕ ಹಗ್ಗ, ಚಪ್ಪಲಿ, ಹನಿ ನೀರಾವರಿಯ ಪೈಪು ಎಲ್ಲವನ್ನೂ ಅಗಿಯುತ್ತದೆ. ಅದಕ್ಕೆ ಹೊಡೆಯಬೇಡಿರಿ, ಒಂದು ತೆಂಗಿನ ಮಟ್ಟೆ ಕೊಡಿರಿ.

ಕಾವಲು ನಾಯಿಯ ಬಂಡವಾಳ ಅದರ ಮೂಗು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು 50-60 ಲಕ್ಷವಿದ್ದರೆ, ನಾಯಿಗೆ ತಳಿಗೆ ತಕ್ಕಂತೆ 12 ಕೋಟಿಯಿಂದ 30 ಕೋಟಿವರೆಗೆ ಇವೆಯೆಂದು ಅಂದಾಜು. ಕಣ್ಣಿನ ಕಥೆ ಬೇರೆ. ನೀಲಿ, ಹಳದಿ ಅದಕ್ಕೆ ಕಾಣುತ್ತದೆ. ಗಿಡದ ಕೆಂಪು ಕಾಫಿ ಹಣ್ಣೂ ಹಸಿರೆಲೆಯೂ ಹೆಚ್ಚು ಕಡಿಮೆ ಒಂದೇ ಬಣ್ಣ. ಆದರೆ ಮಬ್ಬುಗತ್ತಲಲ್ಲಿ ಅಲುಗಾಡುವುದನ್ನು ನಮಗಿಂತ ಚೆನ್ನಾಗಿ ಗುರುತಿಸುತ್ತದೆ. ಮೂಗೂ ಕಿವಿಯೂ ಚುರುಕಾಗಿದ್ದು ಸಮಯಕ್ಕೆ ಬೊಗಳಿದರೆ ನಮ್ಮ ಕೆಲಸವಾಯಿತು. ಎಬ್ಬಿಸುವುದು ನಾಯಿಯ ಕೆಲಸ, ಮುಂದಿನದು ನಮ್ಮದು. ಕಳ್ಳನನ್ನು ಹಿಡಿದು ಕೆಡವಲಿ ಎಂದು ಸಾವಿರಾರು ರೂಪಾಯಿ ಕೊಟ್ಟು ದೊಡ್ಡ ಜಾತಿ ನಾಯಿ ತಂದು, ಅದು ಹಣ್ಣು ಕುಯ್ಯಲು ಬಂದ ಹೆಂಗಸರಿಗೆ ಕಚ್ಚಿ ದವಾಖಾನೆಯ ಖರ್ಚು ಕೊಟ್ಟವರನ್ನು ನಾವು ಬಲ್ಲೆವು. ದಟ್ಟ ರೋಮದ ಅಲ್ಸೇಷಿಯನ್‌ಗೆ ಅರಸೀಕೆರೆ ಕಡೆಯ ಏಪ್ರಿಲ್ ಬಿಸಿಲು ಶಿಕ್ಷೆ. ನಾಯಿ ಬೆವರುವುದು ಪಾದದಡಿಯಲ್ಲಿ ಮಾತ್ರ, ಉಳಿದ ಸೆಕೆಯನ್ನೆಲ್ಲ ನಾಲಿಗೆ ಚಾಚಿ ಏದುಸಿರಿನಿಂದಲೇ ಕಳೆಯಬೇಕು. ನಮ್ಮ ಅಭಿಪ್ರಾಯದಲ್ಲಿ ಸಣ್ಣ ಹಿಡುವಳಿದಾರನಿಗೆ ಊರಿನ ನಾಟಿ ನಾಯಿಯೇ ಸರಿ. ತಾಯಿ ಒಳ್ಳೆಯ ಕಾವಲಿನದಾಗಿದ್ದರೆ ಅದರ ಮರಿ ತನ್ನಿರಿ.

ಮುಧೋಳ ನಾಯಿ ಸಾಕಬಹುದೇ ಎಂದು ಕೆಲವರು ಕೇಳುತ್ತಾರೆ. ಅದು ಕರ್ನಾಟಕದ ಹೆಮ್ಮೆ, ಸಂದೇಹವಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ತಳಿ. 2005ರಲ್ಲಿ ಅಂಚೆ ಇಲಾಖೆ ದೇಶದ ನಾಲ್ಕು ತಳಿಗಳ ಚೀಟಿ ಹೊರಡಿಸಿದಾಗ ಅದರಲ್ಲಿ ಮುಧೋಳವೂ ಇತ್ತು. 2016ರಲ್ಲಿ ಭೂಸೇನೆ ಈ ತಳಿಯ ಮರಿಗಳನ್ನು ಮೀರಟ್‌ಗೆ ಒಯ್ದು ತರಬೇತಿಗೆ ಹಚ್ಚಿತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಆದರೆ ದೇಹ ನೋಡಿರಿ: ಆಳವಾದ ಎದೆ, ಒಳಕ್ಕೆ ಸೇದಿದ ಹೊಟ್ಟೆ, ಉದ್ದ ಕಾಲು, ನೀಳ ಮುಖ. ಇದು ಬಯಲಿನಲ್ಲಿ ಕಣ್ಣಿಂದ ನೋಡಿ ಅಟ್ಟಿಸಿಕೊಂಡು ಓಡಲು ಆದ ನಾಯಿ. ಓಡಲು ಜಾಗವಿಲ್ಲದೆ ಸರಪಳಿಯಲ್ಲಿ ಬಿಗಿದರೆ ಕೆಡುತ್ತದೆ. ಬಾಣಾವರ ಕಡೆಯ ರಾಗಿ ಹೊಲ, ಬಯಲು ಇರುವವರು ಸಾಕಲಿ; ಮುಳ್ಳುತಂತಿ, ಅಗಳು, ಗಿಡ ಒತ್ತಾಗಿರುವ ಕಾಫಿ ತೋಟಕ್ಕೆ ಬೇಡ ಎನ್ನುತ್ತೇವೆ. ಪ್ರದರ್ಶನದ ಹುಚ್ಚಿರುವವರಿಗೆ ಒಂದೇ ಮಾತು. ಅಲ್ಲಿ ತೀರ್ಪುಗಾರರು ನೋಡುವುದು ತಳಿಯ ಲಕ್ಷಣ, ಹಲ್ಲಿನ ಜೋಡಣೆ, ನಡಿಗೆ. ಕಣ ಕಾಯುವ ಬುದ್ಧಿಗೆ ಅಲ್ಲಿ ಅಂಕವಿಲ್ಲ.

ನಮ್ಮ ನಾಡಿನಲ್ಲಿ ನಾಯಿಗೆ ಸಿಕ್ಕ ಅತಿ ದೊಡ್ಡ ಬಹುಮಾನ ಯಾವ ಪ್ರದರ್ಶನದ್ದೂ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಶಕ 872ರದು, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಮೇಲೆ ಗಂಗರ ಬೂತುಗನು ತನ್ನ ವೀರ ಮಣಲೆರನಿಗೆ ಏನು ಬೇಕೋ ಕೇಳು ಎಂದನಂತೆ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಕೆರೆಯ ಕೆಳಗಿನ ಗದ್ದೆಯನ್ನು ಬಿಟ್ಟುಕೊಟ್ಟರು. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನೂ ಕೊರೆದಿದ್ದಾರೆ. ನೀರಾವರಿ ಜಮೀನಿನ ಬೆಲೆ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಆ ಹಂದಿಯ ಸಂತತಿ ಇಂದಿಗೂ ನಮ್ಮ ಅಡಿಕೆ ಸಸಿಗಳ ಬುಡ ಕೀಳುತ್ತಿದೆ. ಆದರೆ ಇಂದು ಹಂದಿಯ ಮೇಲೆ ನಾಯಿ ಬಿಟ್ಟು ಬೇಟೆಯಾಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಹಂದಿಗೆಂದು ಒಡ್ಡಿದ ಉರುಳಿಗೂ ಸಿಡಿಮದ್ದಿಗೂ ಮೊದಲು ಬಲಿಯಾಗುವುದು ಅಕ್ಕಪಕ್ಕದವರ ನಾಯಿ, ದನಗಳೇ.

ಇನ್ನು ಬೇಲೂರು, ಸಕಲೇಶಪುರ, ಆಲೂರು ಕಡೆಯ ಸದಸ್ಯರು ಗಮನವಿಟ್ಟು ಓದಬೇಕಾದ ಮಾತು. ತೋಟದಲ್ಲಿ ಆನೆ ಇರುವಾಗ ಬಿಟ್ಟ ನಾಯಿ ಕಾವಲಲ್ಲ, ಅಪಾಯ. ನಾಯಿ ಆನೆಯ ವಾಸನೆ ಹಿಡಿದು ಮುಂದೆ ಓಡಿ ಬೊಗಳುತ್ತದೆ. ಆನೆ ಕೆರಳಿ ತಿರುಗಿದೊಡನೆ ಹೆದರಿ ಯಜಮಾನನ ಕಾಲ ಬಳಿಗೇ ಓಡಿ ಬರುತ್ತದೆ. ಹಿಂದೆಯೇ ಆನೆ. ನಾಯಿ ಗಿಡಗಳ ಸಂದಿಯಲ್ಲಿ ನುಸುಳಿ ಪಾರಾಗುತ್ತದೆ, ಮನುಷ್ಯ ಪಾರಾಗುವುದಿಲ್ಲ. ಆದುದರಿಂದ ಅರಣ್ಯ ಇಲಾಖೆಯಿಂದ ಆನೆಯ ಸಂದೇಶ ಬಂದ ದಿನ ನಾಯಿಯನ್ನು ಕೊಟ್ಟಿಗೆಯೊಳಗೆ ಕೂಡಿರಿ. ಮುಂಜಾನೆ ಮೋಟಾರು ಹಾಕಲು ಹೋಗುವಾಗ ಜೊತೆಗೆ ಕರೆದೊಯ್ಯಬೇಡಿರಿ.

ಚಿರತೆಯ ವಿಷಯ ಬೇರೆ. ಅದಕ್ಕೆ ನಾಯಿಯೇ ಊಟ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ವಿಜ್ಞಾನಿಗಳು ಚಿರತೆಯ ಲದ್ದಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿಯಂತೆ, ಅಲ್ಲಿನ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಶೇಕಡ 39 ಭಾಗ ಸಾಕು ನಾಯಿ, ಬೀದಿ ನಾಯಿಗಳೇ. ರಾತ್ರಿ ಅಂಗಳದ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದ ನಾಯಿ ಓಡಲೂ ಆಗದ ಬಲಿ; ಅದರ ರುಚಿ ಕಂಡ ಚಿರತೆ ಮತ್ತೆ ಅದೇ ಅಂಗಳಕ್ಕೆ ಬರುತ್ತದೆ. ಗೂಡಿಗೆ ಗಟ್ಟಿ ಬಾಗಿಲೂ ತಂತಿಜಾಲರಿಯೂ ಇರಲಿ. ಒಳಗಿಂದ ಬೊಗಳಿದರೂ ನಮಗೆ ಕೇಳಿಸುತ್ತದೆ.

ಕಲಿಸುವುದಕ್ಕೆ ದೊಡ್ಡ ವಿದ್ಯೆ ಬೇಡ. ‘ಬಾ’, ‘ಕೂರು’, ‘ಬಿಡು’, ‘ಬೇಡ’, ಈ ನಾಲ್ಕು ಸಾಕು. ಮನೆಯಲ್ಲೆಲ್ಲ ಕನ್ನಡವಾಡಿ ನಾಯಿಗೆ ಮಾತ್ರ ಇಂಗ್ಲಿಷ್ ಏಕೆಂದು ನಮಗೆ ಇಂದಿಗೂ ಅರ್ಥವಾಗಿಲ್ಲ. ಮನೆಮಂದಿಯೆಲ್ಲ ಒಂದೇ ಮಾತು ಬಳಸಬೇಕು, ಅಷ್ಟೆ. ಹೇಳಿದಂತೆ ಮಾಡಿದ ಕ್ಷಣವೇ ಒಂದು ಚೂರು ರೊಟ್ಟಿ ಕೊಡಿರಿ. ಐದು ನಿಮಿಷದ ಮೇಲೆ ಕೊಟ್ಟರೆ ಯಾವುದಕ್ಕೆಂದು ಅದಕ್ಕೆ ತಿಳಿಯದು. ತಪ್ಪಿಸಿಕೊಂಡು ಹೋಗಿ ಕರೆದಾಗ ಬಂದ ನಾಯಿಗೆ ಹೊಡೆಯಲೇಬಾರದು. ಹೋದದ್ದಕ್ಕಲ್ಲ, ಬಂದದ್ದಕ್ಕೆ ಪೆಟ್ಟು ಬಿತ್ತೆಂದು ಅದು ತಿಳಿಯುತ್ತದೆ. ಲೈನ್ ಮನೆಯ ಮಕ್ಕಳು, ಹಾಲಿನವನು, ಕೆಲಸದವರು ಎಲ್ಲರನ್ನೂ ಮರಿಯಿರುವಾಗಲೇ ಪರಿಚಯಿಸಿರಿ. ಮೂರು ತಿಂಗಳೊಳಗೆ ಕಂಡವರನ್ನು ಅದು ಮನುಷ್ಯರೆಂದು ಒಪ್ಪಿಕೊಳ್ಳುತ್ತದೆ. ಹಗಲಿಡೀ ಕಟ್ಟಿ ಹಾಕಿದ ನಾಯಿ ಚುರುಕಾಗುತ್ತದೆಂಬುದು ಸುಳ್ಳು. ಸಿಡುಕಾಗುತ್ತದೆ.

ತೋಟದಲ್ಲೇ ಇರುವ ವಿಷಗಳನ್ನೂ ನೋಡಬೇಕು. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಕಾಳು, ತೌಡು ಬೆಲ್ಲದಲ್ಲಿ ಕಲಸಿದ ವಿಷಾಹಾರ ನಾಯಿಗೂ ರುಚಿ. ತಿಂದ ಕೆಲವೇ ಗಂಟೆಯೊಳಗೆ ನಡುಕ, ವಿಪರೀತ ಜ್ವರ, ಸೆಳವು ಬರುತ್ತದೆ. ಉಪ್ಪುನೀರು ಕುಡಿಸುವುದು, ಎಣ್ಣೆ ಹೊಯ್ಯುವುದು ಮಾಡದೆ ಔಷಧಿಯ ಪೊಟ್ಟಣ ಸಹಿತ ಪಶುವೈದ್ಯರಲ್ಲಿಗೆ ಓಡಬೇಕು. ಮೈಲುತುತ್ತದ ಡ್ರಮ್ಮಿಗೆ ಮುಚ್ಚಳವಿರಲಿ.

ಇದಕ್ಕಿಂತ ದೊಡ್ಡದು ಹುಚ್ಚುನಾಯಿ ರೋಗ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಗೂ ಮನುಷ್ಯನಿಗೂ ಸಾವು ಖಚಿತವೆಂದೇ ಹೇಳಬೇಕು. ಆದರೆ ಇದರಷ್ಟು ಸುಲಭವಾಗಿ ತಡೆಯಬಹುದಾದ ಸಾವೂ ಇನ್ನೊಂದಿಲ್ಲ. ಮರಿಗೆ ಮೂರು ತಿಂಗಳಿಗೆ ಲಸಿಕೆ, ಆಮೇಲೆ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮತ್ತೆ ಮತ್ತೆ. ನಾಯಿ ಕಚ್ಚಿದರೆ ಗಾಯಕ್ಕೆ ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಬಾರದು. ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಗಾಯಕ್ಕೇ ಕೊಡುವ ಸೀರಮ್ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿರಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆ ಈಗ ಬೇಡ. ಆ ಹಳೆಯ ಲಸಿಕೆ ನಿಂತು ವರ್ಷಗಳಾದವು. ಈಗಿನದು ತೋಳಿಗೆ. ‘ಹತ್ತು ದಿನ ನಾಯಿಯನ್ನು ನೋಡೋಣ, ಆಮೇಲೆ ಸೂಜಿ’ ಎಂದು ಕಾಯಬೇಡಿರಿ. ಸೂಜಿ ಶುರುವಾಗಲಿ, ನಾಯಿಯನ್ನೂ ನೋಡುತ್ತಿರಿ.

ಕೊನೆಯದಾಗಿ ನಮ್ಮ ಅಡಿಕೆಗೂ ನಾಯಿಗೂ ಇರುವ ನಂಟು. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಸತ್ವವಿದೆ. ಇದು ನಾಯಿಯ ಹೊಟ್ಟೆಯ ಲಾಡಿಹುಳುವನ್ನು ಸಡಿಲಿಸಿ, ಭೇದಿಯಾಗಿಸಿ ಹೊರಹಾಕುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲೇ ಇಂಗ್ಲೆಂಡಿನವರು ಅಡಿಕೆ ಪುಡಿಯನ್ನು ನಾಯಿಗೆ ಕೊಡುತ್ತಿದ್ದರು. ನ್ಯೂಜಿಲೆಂಡಿನಲ್ಲಿ ಕುರಿ, ನಾಯಿ, ಮನುಷ್ಯರ ನಡುವೆ ಸುತ್ತುವ ಹೈಡ್ಯಾಟಿಡ್ ಎಂಬ ರೋಗವಿತ್ತು. ಕುರಿಯ ಹಸಿ ಈಲಿ ತಿಂದ ನಾಯಿಗೆ ಸಣ್ಣ ಲಾಡಿಹುಳು. ಅದರ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಈಲಿ, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗಡ್ಡೆ. 1959ರಲ್ಲಿ ಅಲ್ಲಿ ಕಾನೂನು ಮಾಡಿ ದೇಶದ ನಾಯಿಗಳಿಗೆಲ್ಲ ಅರೆಕೋಲಿನ್ ಕೊಡಿಸಿದರು. ನಂತರ ಪ್ರಾಜಿಕ್ವಾಂಟೆಲ್ ಎಂಬ ಉತ್ತಮ ಔಷಧಿ ಬಂತು. 2002ರಲ್ಲಿ ಆ ದೇಶ ರೋಗದಿಂದ ಮುಕ್ತವೆಂದು ಘೋಷಿಸಿಕೊಂಡಿತು. ಹಾಗೆಂದು ಮನೆಯ ಅಡಿಕೆ ಜಜ್ಜಿ ನಾಯಿಗೆ ತಿನ್ನಿಸಲು ಹೋಗಬೇಡಿರಿ. ಕಾಯಿಂದ ಕಾಯಿಗೆ ಸತ್ವದ ಪ್ರಮಾಣ ಬೇರೆ. ಹೆಚ್ಚಾದರೆ ಜೊಲ್ಲು, ವಾಂತಿ, ಸೆಳವು. ಪ್ರಾಜಿಕ್ವಾಂಟೆಲ್ ಮಾತ್ರೆ ದೊಡ್ಡ ಖರ್ಚಿನದಲ್ಲ, ನಾಯಿಯ ತೂಕ ಹೇಳಿ ಪಶುವೈದ್ಯರಿಂದ ತನ್ನಿರಿ. ಕುರಿ ಕಡಿದ ದಿನ ಈಲಿ, ಪುಪ್ಪುಸವನ್ನು ಹಸಿಯಾಗಿ ನಾಯಿಗೆ ಎಸೆಯಬೇಡಿರಿ. ಅರ್ಧ ಗಂಟೆ ಕುದಿಸಿ ಕೊಡಿರಿ, ಇಲ್ಲವೇ ನಾಯಿ ಕೆದರಲಾಗದಷ್ಟು ಆಳ ಹೂಳಿರಿ. ನಾಯಿ ಮುಟ್ಟಿದ ಕೈಯನ್ನು ಮಕ್ಕಳು ಊಟಕ್ಕೆ ಮುಂಚೆ ತೊಳೆಯಲಿ.