ಆಟದ ಗಣಕಯಂತ್ರ: ಮಿತವಾದ ಹಣದಲ್ಲಿ ಬಿಡಿಭಾಗಗಳ ಆಯ್ಕೆ

ಮನೆಯ ಮಕ್ಕಳು ಇಂದು ಹಿರಿಯರ ಮುಂದಿಡುವ ಬೇಡಿಕೆಗಳಲ್ಲಿ ಆಟವಾಡಲು ತಕ್ಕುದಾದ ಗಣಕಯಂತ್ರವೂ ಒಂದು. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಇಂಥ ಯಂತ್ರದ ಬೆಲೆ ಕೇಳಿ ತಂದೆತಾಯಿಗಳು ಹಿಂದೆ ಸರಿಯುತ್ತಾರೆ. ಆಗ ಮಗನು, ಬಿಡಿಭಾಗಗಳನ್ನು ತಂದು ನಾವೇ ಜೋಡಿಸಿಕೊಂಡರೆ ಖರ್ಚು ಕಡಿಮೆಯಾಗುತ್ತದೆ ಎಂದು ವಾದಿಸುತ್ತಾನೆ. ಈ ವಾದದಲ್ಲಿ ಸತ್ಯವಿದೆ. ಆದರೆ ಯಾವ ಭಾಗದಲ್ಲಿ ಹಣ ಉಳಿಸಬಹುದು, ಯಾವುದರಲ್ಲಿ ಉಳಿಸಲಾಗದು ಎಂಬ ವಿವೇಚನೆಯಿಲ್ಲದೆ ಹೊರಟರೆ ಉಳಿಸಿದ್ದಕ್ಕಿಂತ ಹೆಚ್ಚು ಕೈಬಿಡುತ್ತದೆ. ಇದನ್ನು ನಾವು ಕೇಳಿ ಬರೆಯುತ್ತಿಲ್ಲ. ನಮ್ಮ ಸಲಹೆಯಿಂದಲೇ ನಮ್ಮವರೊಬ್ಬರ ಹಣ ಹಾಳಾದುದನ್ನು ಕಂಡು ಬರೆಯುತ್ತಿದ್ದೇವೆ.

ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ ಅರುವತ್ತು ದಾಟಿದ ನಮಗೆ ಈ ಗೊಡವೆ ಏಕೆಂದು ಓದುಗ ಬಂಧುಗಳು ಕೇಳಬಹುದು. ಗ್ರಂಥಸಂಪಾದನೆಯ ಕೆಲಸಕ್ಕಾಗಿ ಅನೇಕ ವರ್ಷಗಳಿಂದ ಗಣಕಯಂತ್ರವನ್ನು ಬಳಸುತ್ತಿದ್ದೇವೆ. ಅದು ಕೆಟ್ಟಾಗ ಪೆಟ್ಟಿಗೆ ಬಿಚ್ಚಿ ಧೂಳು ಒರೆಸುವುದನ್ನು ಕಲಿತಿದ್ದೇವೆ. ಅಷ್ಟಕ್ಕೇ ಬಂಧುವರ್ಗದಲ್ಲಿ ನಾವು ಈ ವಿಷಯದ ಪಂಡಿತರೆನಿಸಿಕೊಂಡೆವು. ಅನರ್ಥಕ್ಕೆ ಮೂಲ ಅದೇ.

2023ರ ನವೆಂಬರಿನಲ್ಲಿ ದಾವಣಗೆರೆಯಲ್ಲಿರುವ ನಮ್ಮ ತಂಗಿಯ ಮಗಳು ತನ್ನ ಮಗನೊಡನೆ ನಮ್ಮಲ್ಲಿಗೆ ಬಂದಳು. ಹೊಲಿಗೆಯಿಂದ ಸಂಸಾರ ತೂಗಿಸುವ ಹೆಣ್ಣುಮಗಳು. ಹುಡುಗ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರೆ ಕೊಡಿಸುವೆನೆಂದು ಮಾತು ಕೊಟ್ಟಿದ್ದಳು, ಅವನು ಮಾಡಿದ್ದ. ಚೀಟಿಯಿಂದ ಎತ್ತಿದ ಐವತ್ತು ಸಾವಿರ ರೂಪಾಯಿ ಅವಳ ಕೈಯಲ್ಲಿತ್ತು. "ಮಾವ, ಇದಕ್ಕಿಂತ ಒಂದು ರೂಪಾಯಿಯೂ ಹೆಚ್ಚಾಗಬಾರದು. ನೀವೇ ಜೊತೆಗೆ ಹೋಗಿ ಬನ್ನಿ" ಎಂದಳು. ಮಾನಿಟರನ್ನು ನಾವು ಕೊಡುವುದೆಂದೂ ಉಳಿದುದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದೆಂದೂ ನಿಶ್ಚಯವಾಯಿತು.

ಟೌನ್ ಹಾಲಿನ ಸಮೀಪದ ಆ ರಸ್ತೆಯನ್ನು ಕಂಡವರಿಗೆ ಅಲ್ಲಿಯ ಇಕ್ಕಟ್ಟು, ಗದ್ದಲ ತಿಳಿದೇ ಇದೆ. ಮೊದಲನೆಯ ಅಂಗಡಿಯವರು ಗಾಜಿನ ಬಾಗಿಲಿನ, ಬಣ್ಣಬಣ್ಣದ ದೀಪಗಳು ಉರಿಯುವ ಕ್ಯಾಬಿನೆಟ್ ಒಂದನ್ನು ಮುಂದಿಟ್ಟರು. ಅದಕ್ಕೆ ದೊಡ್ಡ ಪ್ರೊಸೆಸರ್, ಚಿಕ್ಕ ಗ್ರಾಫಿಕ್ಸ್ ಕಾರ್ಡ್ ಎಂದು ಲೆಕ್ಕ ಹೇಳಿದರು. ಹುಡುಗ ನಮ್ಮ ಕೈ ಜಗ್ಗಿದ. "ಅಜ್ಜಾ, ಇದು ತಲೆಕೆಳಗು. ಆಟದ ಚಿತ್ರ ಬರೆಯುವುದು ಕಾರ್ಡು" ಎಂದ. ಅವನು ಹೇಳಿದುದೇ ಸರಿ.

ಇದನ್ನು ಸ್ವಲ್ಪ ವಿವರಿಸಬೇಕು. ಸಾಮಾನ್ಯ ಮಾನಿಟರಿನ ತೆರೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ, ಒಟ್ಟು 20,73,600. ಆಟದಲ್ಲಿ ಓಟ ತಡವರಿಸದೆ ಸಾಗಬೇಕಾದರೆ ಕ್ಷಣವೊಂದಕ್ಕೆ 60 ಚಿತ್ರಗಳಾದರೂ ಬೇಕು. ಅಂದರೆ ಪ್ರತಿ ಸೆಕೆಂಡಿಗೂ ಹನ್ನೆರಡು ಕೋಟಿಗೂ ಮಿಕ್ಕ ಚುಕ್ಕೆಗಳ ಬಣ್ಣವನ್ನು ಗಣಿಸಬೇಕು. ಪ್ರೊಸೆಸರಿನಲ್ಲಿ ಜಾಣತನವಿರುವ ಕೆಲವೇ ಕೈಗಳಿವೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದೇ ಬಗೆಯ ಸರಳ ಲೆಕ್ಕವನ್ನು ಒಟ್ಟಿಗೆ ಮಾಡುವ ಸಾವಿರಾರು ಕೈಗಳಿವೆ. ಎದುರಾಳಿ ಎಲ್ಲಿ ನಿಂತಿದ್ದಾನೆ, ಹಾರಿದ ಗುಂಡು ಎಲ್ಲಿ ತಗುಲಿತು ಎಂಬುದನ್ನು ನಿರ್ಣಯಿಸುವುದು ಪ್ರೊಸೆಸರಿನ ಪಾಲು. ಆ ದೃಶ್ಯವನ್ನು ಬರೆಯುವುದು ಕಾರ್ಡಿನ ಪಾಲು. ಆದ್ದರಿಂದ ಆಟಕ್ಕೆಂದೇ ಯಂತ್ರ ಕಟ್ಟುವವರು ಇರುವ ಹಣದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಕಾರ್ಡಿಗೆ ಮೀಸಲಿಟ್ಟರೆ ಅದು ದುಂದುಗಾರಿಕೆಯಲ್ಲ.

ನಾವು ಕೊಂಡುದು ಎಎಂಡಿಯವರ ಆರ್‌ಎಕ್ಸ್ 6600 ಎಂಬ, 8 ಜಿಬಿ ಸ್ಮೃತಿಯುಳ್ಳ ಕಾರ್ಡು. 2021ರ ಅಕ್ಟೋಬರಿನಲ್ಲಿ ಬಂದ ಇದು 1080ರ ತೆರೆಗಾಗಿಯೇ ರೂಪಿಸಿದುದು. ಗರಿಷ್ಠ 132 ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ. ನಮಗೆ 22,500 ರೂಪಾಯಿಗೆ ದೊರೆಯಿತು. 4 ಜಿಬಿಯ ಕಾರ್ಡುಗಳು ಇದಕ್ಕಿಂತ ಅಗ್ಗ. ಆದರೆ ಈಚಿನ ಆಟಗಳ ಚಿತ್ರಸಾಮಗ್ರಿ ಅಷ್ಟರಲ್ಲಿ ಹಿಡಿಸದೆ ತಡವರಿಸುವುದರಿಂದ ಆ ಉಳಿತಾಯ ಹೆಚ್ಚು ಕಾಲ ಬಾಳದು. ಬಳಸಿದ ಕಾರ್ಡನ್ನು ಇನ್ನೂ ಅಗ್ಗಕ್ಕೆ ಕೊಡುವುದಾಗಿ ಒಬ್ಬರು ಹೇಳಿದರು. ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ವ್ಯವಸ್ಥೆ 2022ರ ಸೆಪ್ಟೆಂಬರಿನಲ್ಲಿ ತನ್ನ ಕ್ರಮವನ್ನು ಬದಲಿಸಿದ ಮೇಲೆ, ಅದರ ಗಣನೆಗೆಂದು ಹಗಲಿರುಳು ದುಡಿದಿದ್ದ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಅವೆಲ್ಲವೂ ಕೆಟ್ಟವಲ್ಲ. ಆದರೂ ವಾರಂಟಿಯಿಲ್ಲದ ವಸ್ತುವಿಗೆ ಚೀಟಿಯ ಹಣ ಹಾಕಲು ನಮಗೆ ಮನಸ್ಸಾಗಲಿಲ್ಲ.

ಪ್ರೊಸೆಸರು ಇಂಟೆಲ್‌ನವರ ಕೋರ್ ಐ3 12100ಎಫ್. ನಾಲ್ಕು ಕೋರುಗಳು, ಎಂಟು ಥ್ರೆಡ್‌ಗಳು; 2022ರ ಜನವರಿಯದು; ತಂಪಿನ ಫ್ಯಾನು ಡಬ್ಬಿಯಲ್ಲೇ ಇರುತ್ತದೆ. ಕೊನೆಯ ‘ಎಫ್’ ಅಕ್ಷರವನ್ನು ಗಮನಿಸಬೇಕು. ಅದು ಇದ್ದರೆ ಪ್ರೊಸೆಸರಿನೊಳಗೆ ಚಿತ್ರ ತೋರಿಸುವ ಭಾಗ ಇಲ್ಲವೆಂದು ಅರ್ಥ. ಕಾರ್ಡು ಇದ್ದೇ ಇರುವ ಯಂತ್ರಕ್ಕೆ ಇದರಿಂದ ನಷ್ಟವಿಲ್ಲ, ಬೆಲೆಯಲ್ಲಿ ಲಾಭವುಂಟು. ಈ ಒಂದಕ್ಷರ ಮನೆಯಲ್ಲಿ ಎಂಥ ಗಾಬರಿ ಹುಟ್ಟಿಸಿತೆಂದರೆ, ಜೋಡಣೆ ಮುಗಿದ ರಾತ್ರಿ ಹುಡುಗ ಮಾನಿಟರಿನ ಕೇಬಲನ್ನು ಮರೆತು ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿದ್ದ. ಫ್ಯಾನುಗಳು ತಿರುಗುತ್ತಿವೆ, ತೆರೆ ಮಾತ್ರ ಕಪ್ಪು. ಐವತ್ತು ಸಾವಿರ ನೀರಿನಲ್ಲಿ ಹೋಯಿತೆಂದು ತಾಯಿ ಗೋಡೆಗೊರಗಿ ಕುಳಿತಳು. ಕೇಬಲನ್ನು ಕಾರ್ಡಿನ ಕಿಂಡಿಗೆ ಬದಲಿಸಿದೊಡನೆ ಬೆಳಕು ಬಂತು.

ಎಎಂಡಿಯವರ ರೈಜೆನ್ 5 5600 ಇನ್ನೂ ಶಕ್ತಿಯುತವಾದುದು, ಆರು ಕೋರುಗಳದು. ಹಣ ಸಾಲದೆ ಅದನ್ನು ಬಿಟ್ಟೆವು. ಆ ವರ್ಗದ ಎಎಂ4 ಮದರ್‌ಬೋರ್ಡುಗಳಿಗೆ ಇನ್ನೊಂದು ಗುಣವಿತ್ತು: 2018ರಲ್ಲಿ ಬಂದ ಬಿ450 ಬೋರ್ಡಿಗೆ ಅದರ ಬಯಾಸ್ ತಂತ್ರಾಂಶವನ್ನು ಹೊಸದು ಮಾಡಿ 2022ರ ಈ ಪ್ರೊಸೆಸರನ್ನು ಕೂರಿಸಬಹುದಾಗಿತ್ತು. ಯಂತ್ರವನ್ನು ತುಂಡುತುಂಡಾಗಿ ಬೆಳೆಸಬಯಸುವ ಮನೆಯವರು ಇದನ್ನು ವಿಚಾರಿಸಿಕೊಳ್ಳಬೇಕು. ಕಾರ್ಡಿಗೆ ಹಣವೇ ಇಲ್ಲದವರಿಗೆ 5600ಜಿ ಎಂಬ ಪ್ರಕಾರವುಂಟು. ಅದರಲ್ಲಿ ಚಿತ್ರಭಾಗ ಒಳಗೇ ಇದೆ. ಹಗುರವಾದ ಆಟಗಳು ಅದರಲ್ಲಿ ನಡೆಯುತ್ತವೆ, ಮುಂದೆ ಅನುಕೂಲವಾದಾಗ ಕಾರ್ಡು ಸೇರಿಸಬಹುದು.

ಮದರ್‌ಬೋರ್ಡು ಎಚ್610 ವರ್ಗದ್ದು, 6,800 ರೂಪಾಯಿ. ಇಲ್ಲಿ ಅಗ್ಗದ್ದನ್ನು ಆರಿಸಿದರೆ ಆಟದ ವೇಗವೇನೂ ಕುಗ್ಗುವುದಿಲ್ಲ. ಆದರೆ ಒಂದೇ ಹೆಸರಿನ ಬೋರ್ಡುಗಳಲ್ಲಿ ಡಿಡಿಆರ್4 ರ‍್ಯಾಮ್ ಹಿಡಿಯುವವು ಬೇರೆ, ಡಿಡಿಆರ್5 ಹಿಡಿಯುವವು ಬೇರೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರದು. ರ‍್ಯಾಮನ್ನು 16 ಜಿಬಿಯ ಒಂದೇ ಪಟ್ಟಿಯಾಗಿ ಕೊಳ್ಳದೆ 8 ಜಿಬಿಯ ಎರಡಾಗಿ ಕೊಂಡೆವು. ಎರಡು ಪಟ್ಟಿಗಳಿದ್ದರೆ ಪ್ರೊಸೆಸರಿಗೆ ಮಾಹಿತಿ ಹರಿಯುವ ದಾರಿ ಎರಡಾಗುತ್ತದೆ. 5600ಜಿಯಂಥ ಪ್ರೊಸೆಸರು ಕೊಳ್ಳುವವರಿಗಂತೂ ಇದು ಅನಿವಾರ್ಯ, ಏಕೆಂದರೆ ಅದರ ಚಿತ್ರಭಾಗವೂ ಈ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಸಂಗ್ರಹಕ್ಕೆ 500 ಜಿಬಿಯ ಎಸ್‌ಎಸ್‌ಡಿ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಹೊಸ ಆಟಗಳು ತೆರೆದುಕೊಳ್ಳುವುದನ್ನು ಕಾಯುವುದು ತಪಸ್ಸೇ ಸರಿ.

ಇಷ್ಟಾಗುವಾಗ ಲೆಕ್ಕ 44,500 ರೂಪಾಯಿ ಮುಟ್ಟಿತ್ತು. ಕ್ಯಾಬಿನೆಟ್ 3,200, ಕೀಬೋರ್ಡು, ಮೌಸ್ 1,800. ಇನ್ನುಳಿದುದು ಐನೂರು ರೂಪಾಯಿ. ಎಸ್‌ಎಂಪಿಎಸ್ ಕೊಳ್ಳಬೇಕಾಗಿತ್ತು. ಹುಡುಗ 550 ವ್ಯಾಟಿನ, ಮುದ್ರಿತ ಪ್ರಮಾಣವುಳ್ಳ ಒಂದನ್ನು ತೋರಿಸಿದ, ಬೆಲೆ 3,900. ಅಂಗಡಿಯವರು, ಕ್ಯಾಬಿನೆಟ್ಟಿನ ಜೊತೆಗೆ 450 ವ್ಯಾಟಿನದೊಂದು ಉಚಿತವಾಗಿ ಬರುತ್ತದಲ್ಲ ಎಂದರು. ಕಾರ್ಡಿನ ತಯಾರಕರು ಸೂಚಿಸಿದುದೂ 450 ವ್ಯಾಟೇ. ಹುಡುಗ ಬೇಡವೆಂದ. ನಾವು, "ನಿನ್ನ ತಾಯಿ ಒಂದು ರೂಪಾಯಿಯೂ ಹೆಚ್ಚಾಗಬಾರದೆಂದಿದ್ದಾಳೆ" ಎಂದು ಅವನ ಬಾಯಿ ಮುಚ್ಚಿಸಿದೆವು. ಅದರಲ್ಲಿ ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ತಂತಿಯೂ ಇರಲಿಲ್ಲ. ಬೇರೆ ತಂತಿಗಳಿಂದ ಅದನ್ನು ಹೊಂದಿಸುವ ಒಂದು ಕನ್ವರ್ಟರನ್ನು ಅಂಗಡಿಯವರು ಕೊಟ್ಟರು. ಅಲ್ಲಿಯಾದರೂ ನಮಗೆ ತಿಳಿಯಬೇಕಿತ್ತು.

2024ರ ಮಾರ್ಚಿನ ಒಂದು ಸಂಜೆ ದೂರವಾಣಿ ಬಂತು. ಆಟದ ನಡುವೆ ಪಟ್ಟೆಂದು ಸದ್ದಾಗಿ ಯಂತ್ರ ನಿಂತಿತ್ತು. ಸುಟ್ಟ ವಾಸನೆ ಮನೆಯೆಲ್ಲ ಹರಡಿತ್ತು. ಎಸ್‌ಎಂಪಿಎಸ್ ತಾನು ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕೊಂಡೊಯ್ದಿತ್ತು. ಬೋರ್ಡಿನಲ್ಲಿ ಸುಟ್ಟ ಗುರುತಿದ್ದುದರಿಂದ ವಾರಂಟಿ ಸಲ್ಲದೆಂದು ತಿಳಿಸಿದರು. ಕಾರ್ಡು, ಪ್ರೊಸೆಸರು ಉಳಿದುವೆಂಬುದಷ್ಟೇ ಸಮಾಧಾನ. 3,900 ರೂಪಾಯಿ ಉಳಿಸಲು ಹೋದವರು ಅದನ್ನೂ ತೆತ್ತು, ಹೊಸ ಬೋರ್ಡಿಗೆ ಮತ್ತೆ 6,800 ತೆತ್ತೆವು. ತಾಯಿ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಬಾಯಿಬಿಟ್ಟು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಬೋರ್ಡಿನ ಹಣವನ್ನು ನಾವು ಕೊಟ್ಟೆವು. ಎಸ್‌ಎಂಪಿಎಸ್‌ನದನ್ನು ಅವಳು ತೆಗೆದುಕೊಳ್ಳಲೊಪ್ಪಲಿಲ್ಲ.

ಮನೆಯ 230 ವೋಲ್ಟಿನ ವಿದ್ಯುತ್ತನ್ನು ಯಂತ್ರದೊಳಗಣ 12, 5, 3.3 ವೋಲ್ಟುಗಳಿಗೆ ಇಳಿಸಿ ಕೊಡುವುದು ಎಸ್‌ಎಂಪಿಎಸ್‌ನ ಕೆಲಸ. ಒಳ್ಳೆಯದರಲ್ಲಿ ವೋಲ್ಟೇಜ್ ಏರಿದರೆ, ಹೊರೆ ಮಿತಿಮೀರಿದರೆ, ತಂತಿಗಳು ಕೂಡಿಕೊಂಡರೆ ಕೂಡಲೆ ತನ್ನನ್ನು ತಾನು ನಿಲ್ಲಿಸಿಕೊಳ್ಳುವ ರಕ್ಷಣೆಗಳಿರುತ್ತವೆ. ಅಗ್ಗದವುಗಳಲ್ಲಿ ಮೊದಲು ಬಿಟ್ಟುಬಿಡುವುದು ಇವನ್ನೇ. ಮೇಲಿನ ಚೀಟಿಯಲ್ಲಿ ಬರೆದ 450 ಎಂಬುದು ಸತತವಾಗಿ ಕೊಡಬಲ್ಲ ಶಕ್ತಿಯೋ, ಕ್ಷಣಮಾತ್ರದ್ದೋ ಎಂಬುದೂ ಅದರಲ್ಲಿ ಖಚಿತವಿರುವುದಿಲ್ಲ. ನಮ್ಮ ಯಂತ್ರಕ್ಕೆ ಬೇಕಾದುದೇನು? ಕಾರ್ಡಿಗೆ 132, ಪ್ರೊಸೆಸರಿಗೆ ಹೆಚ್ಚೆಂದರೆ 89, ಉಳಿದವಕ್ಕೆ ಐವತ್ತೆಂದರೂ 300ರ ಒಳಗೇ ಆಯಿತು. ಕೊರತೆಯಿದ್ದುದು ಅಂಕಿಯಲ್ಲಲ್ಲ, ಅದರ ಸಾಚಾತನದಲ್ಲಿ.

80 ಪ್ಲಸ್ ಎಂಬ ಗುರುತಿನ ಬಗ್ಗೆಯೂ ಒಂದು ಮಾತು. 2004ರಲ್ಲಿ ಆರಂಭವಾದ ಈ ಪ್ರಮಾಣ ಹೇಳುವುದು, ಎಳೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ 80ರಷ್ಟಾದರೂ ವ್ಯರ್ಥವಾಗದೆ ಯಂತ್ರಕ್ಕೆ ಸಲ್ಲುತ್ತದೆ ಎಂದು. ರಕ್ಷಣೆಗಳ ವಿಷಯವನ್ನು ಅದು ನೇರವಾಗಿ ಹೇಳದು. ಹಾಗಿದ್ದರೂ ಆ ಪರೀಕ್ಷೆಗೆ ಒಪ್ಪಿಸಿದ ತಯಾರಕರು ಒಳಗಣ ಸಾಮಗ್ರಿಯನ್ನು ತೀರ ಕಳಪೆಯಾಗಿ ಇಟ್ಟಿರುವುದು ಕಡಿಮೆ. ಗುರುತಿನ ಜೊತೆಗೆ ವಾರಂಟಿ ಎಷ್ಟು ವರ್ಷವೆಂಬುದನ್ನೂ ಕೇಳಬೇಕು. ಕೈಯಲ್ಲಿ ಹಿಡಿದರೆ ಒಳ್ಳೆಯದು ಭಾರವಾಗಿರುತ್ತದೆ ಎಂದು ಹಳಬರು ಹೇಳುತ್ತಾರೆ. ನಮ್ಮದು ಖಾಲಿ ಡಬ್ಬಿಯಂತೆ ಹಗುರವಾಗಿತ್ತು.

ಮನೆಯ ವಿದ್ಯುತ್ತನ್ನೂ ನೋಡಿಕೊಳ್ಳಬೇಕು. ಹೊಸ ಎಸ್‌ಎಂಪಿಎಸ್ ತಂದಾಗ ಬಂದ ಎಲೆಕ್ಟ್ರಿಷಿಯನ್ ಆ ಕೋಣೆಯ ಪ್ಲಗ್ಗಿನ ಮೂರನೆಯ ರಂಧ್ರಕ್ಕೆ ಅರ್ಥಿಂಗ್ ತಂತಿಯೇ ಇಲ್ಲದಿರುವುದನ್ನು ತೋರಿಸಿದ. ಕ್ಯಾಬಿನೆಟ್ ಮುಟ್ಟಿದಾಗ ಆಗಾಗ ಜುಮ್ಮೆನ್ನುತ್ತಿತ್ತೆಂದು ಹುಡುಗ ಆಗ ಹೇಳಿದ. ಹಾಗೆ ಅನುಭವವಾಗುತ್ತಿರುವ ಮನೆಗಳವರು ತಡಮಾಡದೆ ಸರಿಪಡಿಸಿಕೊಳ್ಳಲಿ. ಯುಪಿಎಸ್ ಕೊಳ್ಳುವವರು 600 ವಿಎ ಎಂಬುದನ್ನು 600 ವ್ಯಾಟ್ ಎಂದು ತಿಳಿಯಬಾರದು. ಸಾಮಾನ್ಯವಾಗಿ ಅದು 360 ವ್ಯಾಟಿನಷ್ಟೇ ಕೊಡುತ್ತದೆ.

ಇಲ್ಲಿ ಕೊಟ್ಟ ಬೆಲೆಗಳೆಲ್ಲ 2023ರವು. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ಗಣಕಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿಯ ಬೆಲೆ ವಿಪರೀತ ಏರಿತು. ಆದ್ದರಿಂದ ಕೊಳ್ಳಹೋಗುವವರು ಅಂಕಿಗಳನ್ನು ಹೊಸದಾಗಿ ವಿಚಾರಿಸಬೇಕು. ಕಚೇರಿಗಳು ಮಾರುವ ಹಳೆಯ ಯಂತ್ರಕ್ಕೆ ಸಣ್ಣ ಕಾರ್ಡು ಸೇರಿಸುವುದು ಇನ್ನೊಂದು ದಾರಿ. ಅದರಲ್ಲಿ ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್ ಇದ್ದರೆ ವಿಂಡೋಸ್ 11 ವಿಧ್ಯುಕ್ತವಾಗಿ ನಡೆಯದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಆಟದಿಂದ ಓದು ಕೆಡುವುದಿಲ್ಲವೇ ಎಂಬ ಪ್ರಶ್ನೆಯನ್ನು ನಮಗೂ ಹಲವರು ಕೇಳಿದರು. ಆ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಯಂತ್ರ ನಿಲ್ಲಬೇಕೆಂಬ ಕಟ್ಟಳೆಯಿದೆ. ಬೇಸಿಗೆಯ ರಜೆಯಲ್ಲಿ ಅದು ಮುರಿದುಹೋಗುತ್ತದೆಂದೂ ಕೇಳಿದ್ದೇವೆ. ಹುಡುಗ ಈಗ ಅದೇ ಕಾರ್ಡಿನಲ್ಲಿ ತಾಯಿಯ ಹೊಲಿಗೆಯ ಮಾದರಿಗಳ ವಿಡಿಯೋಗಳನ್ನೂ ಸಿದ್ಧಪಡಿಸಿಕೊಡುತ್ತಾನೆ. ಮೊನ್ನೆ ನಮ್ಮ ಹಳೆಯ ಯಂತ್ರವನ್ನು ಬಿಚ್ಚಿ ನೋಡಿ, "ಅಜ್ಜಾ, ನಿಮ್ಮದರಲ್ಲೂ ಅದೇ ಎಸ್‌ಎಂಪಿಎಸ್ ಇದೆಯಲ್ಲ" ಎಂದ. ಮುಂದಿನ ತಿಂಗಳು ಅವನ ಜೊತೆ ಮತ್ತೆ ಎಸ್.ಪಿ. ರಸ್ತೆಗೆ ಹೋಗುವುದಾಗಿ ಗೊತ್ತಾಗಿದೆ. ಈ ಸಲ ಆರಿಸುವವನು ಅವನು.