ತಂತಿ ಹೋಯಿತು, ಲ್ಯಾಪ್‌ಟಾಪಿನ ಕೆಲಸ ಉಳಿಯಿತು

“ತಾತ, ಇದಕ್ಕೆ ವೈರೇ ಬೇಡ. ಕಣ್ಣಿಗೆ ಹಾಕ್ಕೊಂಡ್ರೆ ಸಾಕು, ನಮ್ಮ ಲ್ಯಾಪ್‌ಟಾಪ್‌ನಲ್ಲಿರೋ ಆಟ ಎಲ್ಲಾ ಸುತ್ತಲೂ ಕಾಣುತ್ತೆ.”

“ವೈರ್ ಇಲ್ದೆ ಹೆಂಗೋ ಬರುತ್ತೆ? ಸುಮ್ನೆ ದುಡ್ಡು ಕಿತ್ಕೊಳ್ಳೋಕೆ ಹಂಗೆ ಹೇಳ್ತಾರೆ ಕಣೋ.”

ತುಮಕೂರಿನ ಶಿರಾ ಗೇಟ್ ಕಡೆಯ ಯಾವ ಮನೆಯಲ್ಲಾದರೂ ರಜೆಯ ದಿನ ನಡೆಯಬಹುದಾದ ಮಾತು ಇದು. ಮೊಮ್ಮಗ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ತಾತನ ಅನುಮಾನದಲ್ಲೂ ಅರ್ಧ ನಿಜ ಇದೆ. ಎರಡನ್ನೂ ಸೇರಿಸಿ ನೋಡದೆ ಅಂಗಡಿಗೆ ಹೋದರೆ ಹತ್ತಾರು ಸಾವಿರ ರೂಪಾಯಿಯ ವಸ್ತು ನಾಲ್ಕು ದಿನದಲ್ಲಿ ಬೀರುವಿನ ಮೇಲೆ ಹೋಗಿ ಕೂರುತ್ತದೆ.

ಜಾತ್ರೆಯಲ್ಲಿ ಬಯೋಸ್ಕೋಪ್ ಪೆಟ್ಟಿಗೆಗೆ ಕಣ್ಣಿಟ್ಟು ದಿಲ್ಲಿ, ಆಗ್ರಾ ನೋಡಿದ ಅಜ್ಜ ಅಜ್ಜಿಯರಿಗೆ ಈ ಹೆಡ್‌ಸೆಟ್ ತೀರಾ ಹೊಸದೇನಲ್ಲ. ಆಗ ನಾವು ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗುತ್ತಿದ್ದೆವು, ಈಗ ಪೆಟ್ಟಿಗೆಯೇ ಮುಖಕ್ಕೆ ಬಂದು ಕೂತಿದೆ. ಇನ್ನೊಂದು ವ್ಯತ್ಯಾಸ ತಿಳಿಯಲು ಮಕ್ಕಳು ಒಂದು ಕೆಲಸ ಮಾಡಿ. ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದು ಸಲ ಎಡಗಣ್ಣು, ಒಂದು ಸಲ ಬಲಗಣ್ಣು ಮುಚ್ಚಿ. ಬೆರಳು ಆ ಕಡೆ ಈ ಕಡೆ ನೆಗೆಯುತ್ತದೆ, ಅಲ್ಲವೇ? ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಬೀಳುತ್ತದೆ. ಮಿದುಳು ಅವೆರಡನ್ನು ಕೂಡಿಸಿ ಹತ್ತಿರ ಯಾವುದು, ದೂರ ಯಾವುದು ಎಂದು ಲೆಕ್ಕ ಹಾಕುತ್ತದೆ. ಇದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಕನ್ನಡಿಗಳನ್ನಿಟ್ಟು ತೋರಿಸಿದರು. ರೀಲ್ ಹಾಕಿ ಗುಂಡಿ ಒತ್ತಿ ನೋಡುವ ವ್ಯೂಮಾಸ್ಟರ್ ಹಲವು ಮನೆಗಳ ಅಟ್ಟದ ಮೇಲೆ ಇನ್ನೂ ಇರಬಹುದು. ಅದೂ ಇದೇ ಉಪಾಯದ್ದು.

ತಲೆ ತಿರುಗಿಸಿದರೆ ಚಿತ್ರವೂ ತಿರುಗಬೇಕು ಎಂಬ ಆಸೆ ಆಮೇಲೆ ಬಂತು. 1968ರಲ್ಲಿ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಮತ್ತು ಅವರ ವಿದ್ಯಾರ್ಥಿಗಳು ಅಂಥದ್ದೊಂದನ್ನು ಮಾಡಿಯೇ ಬಿಟ್ಟರು. ತಲೆ ಎತ್ತ ತಿರುಗಿತು ಎಂದು ಅಳೆಯುವ ಲೋಹದ ತೋಳು ಸೂರಿನಿಂದ ಇಳಿದು ಬಂದು ಹೆಡ್‌ಸೆಟ್ಟಿಗೆ ಸೇರಿಕೊಂಡಿತ್ತು, ತೊಟ್ಟಿಲು ನೇತುಹಾಕಿದ ಹಾಗೆ. ನೋಡುವವನು ಅದರ ಕೆಳಗೇ ನಿಂತಿರಬೇಕಿತ್ತು. ಕಂಡದ್ದೆಲ್ಲ ಬರೀ ಗೆರೆಗಳ ಆಕೃತಿ.

ಸೂರಿನ ಕಟ್ಟು ಬಿಟ್ಟರೂ ಕಂಪ್ಯೂಟರಿನ ಕಟ್ಟು ಬಿಡಲಿಲ್ಲ. 2016ರಲ್ಲಿ ಅಂಗಡಿಗೆ ಬಂದ ಆಕ್ಯುಲಸ್ ರಿಫ್ಟ್ ಮತ್ತು ಎಚ್‌ಟಿಸಿ ವೈವ್ ಎರಡಕ್ಕೂ ಉದ್ದನೆಯ ಕೇಬಲ್ ಇತ್ತು. ಆಡುವವರು ಎರಡು ಸುತ್ತು ಸುತ್ತಿದರೆ ಹಗ್ಗಕ್ಕೆ ಕಟ್ಟಿದ ಕರುವಿನ ಗತಿ. 2018ರಲ್ಲಿ ಎಚ್‌ಟಿಸಿ ಕಂಪನಿ ತಂತಿ ಬೇಡದ ಅಡಾಪ್ಟರ್ ತಂದಿತು. ಆದರೆ ಅದರ ಜೊತೆ ಬರುವ ಕಾರ್ಡನ್ನು ಕಂಪ್ಯೂಟರಿನ ಒಳಗಿನ ಸ್ಲಾಟಿಗೆ ಸಿಕ್ಕಿಸಬೇಕು. ಡೆಸ್ಕ್‌ಟಾಪ್ ಡಬ್ಬಿಯಲ್ಲಿ ಅಂಥ ಸ್ಲಾಟ್ ಇರುತ್ತದೆ, ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ. ಲ್ಯಾಪ್‌ಟಾಪ್ ಇದ್ದವರು ಕೈ ಕಟ್ಟಿಕೊಂಡು ಕೂತರು.

2019ರಲ್ಲಿ ಬಂದ ಆಕ್ಯುಲಸ್ ಕ್ವೆಸ್ಟ್‌ನಿಂದ ದಾರಿ ಬದಲಾಯಿತು. ಅದರ ಹೊಟ್ಟೆಯೊಳಗೇ ಮೊಬೈಲ್ ಫೋನಿನಲ್ಲಿರುವಂಥ ಚಿಪ್, ಬ್ಯಾಟರಿ, ಮೆಮೊರಿ ಎಲ್ಲಾ ಇವೆ. ಲ್ಯಾಪ್‌ಟಾಪ್ ಇಲ್ಲದೆಯೇ ನಡೆಯುತ್ತದೆ. 2020ರ ಕ್ವೆಸ್ಟ್ 2, 2023ರ ಕ್ವೆಸ್ಟ್ 3 ಇದೇ ವಂಶದವು. ‘ವೈರ್‌ಲೆಸ್’ ಎಂಬ ಒಂದೇ ಮಾತಿಗೆ ಎರಡು ಅರ್ಥ ಹುಟ್ಟಿದ್ದು ಇಲ್ಲಿ. ಒಂದು, ಹೆಡ್‌ಸೆಟ್ ತಾನೇ ಎಲ್ಲ ಕೆಲಸ ಮಾಡಿಕೊಳ್ಳುವುದು. ಇನ್ನೊಂದು, ದೊಡ್ಡ ಆಟವನ್ನು ಲ್ಯಾಪ್‌ಟಾಪ್ ನಡೆಸಿ, ಚಿತ್ರವನ್ನಷ್ಟೇ ವೈಫೈ ಮೂಲಕ ಹೆಡ್‌ಸೆಟ್ಟಿಗೆ ಕಳಿಸುವುದು. ಈ ಎರಡನೆಯದನ್ನು ಕಂಪನಿ 2021ರಲ್ಲಿ ಏರ್ ಲಿಂಕ್ ಎಂಬ ಹೆಸರಿನಲ್ಲಿ ಕೊಟ್ಟಿತು. ಮೊಮ್ಮಗ ಕೇಳುತ್ತಿರುವುದು ಇದನ್ನೇ. ಅವನಿಗೆ ಪೆಟ್ಟಿಗೆಯ ಮೇಲೆ ಕಾಣುವುದು ಮೊದಲನೆಯದು.

ಲ್ಯಾಪ್‌ಟಾಪಿಗೆ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಕ್ವೆಸ್ಟ್ 2ರಲ್ಲಿ ಒಂದೊಂದು ಕಣ್ಣಿಗೆ 1832 ಗುಣಿಸು 1920 ಚುಕ್ಕೆ. ಎರಡು ಕಣ್ಣು ಸೇರಿ ಸುಮಾರು 70 ಲಕ್ಷ ಚುಕ್ಕೆ. ಸೆಕೆಂಡಿಗೆ 72 ಚಿತ್ರ ಎಂದರೆ 50 ಕೋಟಿ ದಾಟಿತು. ಮಾಮೂಲಿ ಫುಲ್ ಎಚ್‌ಡಿ ಪರದೆಗೆ ಸೆಕೆಂಡಿಗೆ 60 ಚಿತ್ರದಂತೆ 12 ಕೋಟಿ ಚಿಲ್ಲರೆ ಸಾಕು. ಅಂದರೆ ನಾಲ್ಕು ಪಟ್ಟು ಕೆಲಸ. ಅದೂ ತಡವಾಗುವಂತಿಲ್ಲ.

ಇಷ್ಟೆಲ್ಲ ಚುಕ್ಕೆಗಳನ್ನು ಇದ್ದ ಹಾಗೇ ಗಾಳಿಯಲ್ಲಿ ಕಳಿಸಲು ಮನೆಯ ವೈಫೈಗೆ ಶಕ್ತಿ ಸಾಲದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೆಂಗಿನಕಾಯನ್ನು ಹಾಗೇ ಹೊರುವ ಬದಲು ಒಣಗಿಸಿ, ಸುಲಿದು, ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಒಯ್ದ ಹಾಗೆ, ಲ್ಯಾಪ್‌ಟಾಪ್ ಪ್ರತಿಯೊಂದು ಚಿತ್ರವನ್ನೂ ಹಿಂಡಿ ಹಗುರ ಮಾಡಿ ಕಳಿಸುತ್ತದೆ. ಹೆಡ್‌ಸೆಟ್ ಅದನ್ನು ಮತ್ತೆ ಬಿಡಿಸಿಕೊಳ್ಳುತ್ತದೆ. ಚಿತ್ರ ಬರೆಯುವುದು, ಹಿಂಡುವುದು ಎರಡೂ ಗ್ರಾಫಿಕ್ಸ್ ಚಿಪ್‌ನ ಪಾಲಿನ ದುಡಿಮೆ.

ಹಾಗಾಗಿ ಮೊದಲು ನೋಡಬೇಕಾದ್ದು ಆ ಚಿಪ್. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್‌ಫಾರ್ಮೆನ್ಸ್ ಎಂಬಲ್ಲಿ ಜಿಪಿಯು ಅಂತ ಇರುತ್ತದೆ. ಅಲ್ಲಿ ಇಂಟೆಲ್ ಯುಎಚ್‌ಡಿ ಎಂಬ ಒಂದೇ ಹೆಸರಿದ್ದರೆ ಈ ಆಸೆ ಸದ್ಯಕ್ಕೆ ಬಿಡುವುದೇ ಒಳ್ಳೆಯದು. ಅಕ್ಕನಿಗೆ ಕಾಲೇಜಿನಲ್ಲಿ ಸಿಕ್ಕಿದ್ದು, ಅಪ್ಪ ಕಚೇರಿ ಕೆಲಸಕ್ಕೆ ಕೊಂಡದ್ದು ಸಾಮಾನ್ಯವಾಗಿ ಇಂಥವೇ. ಓದಿಗೆ, ಲೆಕ್ಕಕ್ಕೆ ಚೆನ್ನಾಗಿರುತ್ತವೆ, ಈ ಹೊರೆಗಲ್ಲ. ಎನ್‌ವಿಡಿಯಾ ಜಿಫೋರ್ಸ್ ಆರ್‌ಟಿಎಕ್ಸ್ ಎಂದು ಎರಡನೆಯ ಹೆಸರೂ ಕಂಡರೆ ಮುಂದಿನ ಮಾತು ಆಡಬಹುದು. ‘ಗೇಮಿಂಗ್ ಲ್ಯಾಪ್‌ಟಾಪ್’ ಎಂಬ ಸ್ಟಿಕ್ಕರ್ ನಂಬಬೇಡಿ. ಚಿಪ್‌ನ ಪೂರ್ತಿ ಹೆಸರು, ನಂಬರು ಬರೆದುಕೊಂಡು ಹೆಡ್‌ಸೆಟ್ ಕಂಪನಿಯವರೇ ಕೊಟ್ಟಿರುವ ಪಟ್ಟಿಯಲ್ಲಿ ಇದೆಯೇ ನೋಡಿ. ಆಪಲ್‌ನ ಮ್ಯಾಕ್‌ಬುಕ್ ಎಷ್ಟೇ ದುಬಾರಿಯದಾಗಿದ್ದರೂ ಏರ್ ಲಿಂಕ್ ಅದಕ್ಕೆ ಹೊಂದುವುದಿಲ್ಲ. ಚಾರ್ಜರ್ ಕಿತ್ತರೆ ಲ್ಯಾಪ್‌ಟಾಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಆದ್ದರಿಂದ ಆಡುವಷ್ಟು ಹೊತ್ತೂ ಪ್ಲಗ್‌ನಲ್ಲೇ ಇರಲಿ.

ಇನ್ನು ತಾತ ಕೇಳಿದ ವೈರ್. ಅದು ಬೇಕೇ ಬೇಕು! ಹೆಡ್‌ಸೆಟ್‌ಗಲ್ಲ, ಲ್ಯಾಪ್‌ಟಾಪ್‌ನಿಂದ ವೈಫೈ ರೂಟರ್‌ಗೆ. ಎರಡು ಕಡೆಯೂ ಗಾಳಿಯಲ್ಲೇ ಹೋದರೆ ಒಂದೇ ಚಿತ್ರ ಎರಡು ಸಲ ಹಾರಬೇಕು, ದಾರಿ ಕಿಕ್ಕಿರಿಯುತ್ತದೆ. ಲ್ಯಾಪ್‌ಟಾಪಿನಿಂದ ರೂಟರ್‌ವರೆಗೆ ಲ್ಯಾನ್ ಕೇಬಲ್ ಹಾಕಿ ಎಂದು ಕಂಪನಿಯೇ ಹೇಳುತ್ತದೆ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ತೂತೇ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಅಡಾಪ್ಟರ್ ಕೊಳ್ಳಬೇಕು. ರೂಟರ್ 5 ಗಿಗಾಹರ್ಟ್ಸ್‌ನದಾಗಿರಬೇಕು. ಹಳೆಯ 2.4 ಗಿಗಾಹರ್ಟ್ಸ್‌ನಲ್ಲಿ ಪಕ್ಕದ ಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ನುಗ್ಗುತ್ತವೆ. 5ಕ್ಕೆ ವೇಗವಿದೆ, ಆದರೆ ಗೋಡೆ ದಾಟುವಾಗ ಸೊರಗುತ್ತದೆ. ಹಳೇ ಮನೆಯ ದಪ್ಪ ಗೋಡೆಯಾದರೆ ಕೇಳುವುದೇ ಬೇಡ. ರೂಟರ್ ಆಟದ ಕೋಣೆಯಲ್ಲೇ ಇರಲಿ. ಒಂದು ಸಮಾಧಾನದ ವಿಷಯ: ಈ ಚಿತ್ರಗಳು ಮನೆಯೊಳಗೇ ಓಡಾಡುವುದರಿಂದ ಅದಕ್ಕೆ ಇಂಟರ್ನೆಟ್ ಡೇಟಾ ಖರ್ಚಾಗುವುದಿಲ್ಲ. ಆಟ ಇಳಿಸಿಕೊಳ್ಳಲು ಮಾತ್ರ ಬೇಕು.

ಚಿತ್ರ ತಡೆದು ತಡೆದು ಬಂದರೆ ಆಗುವ ತೊಂದರೆ ಬೇಸರ ಒಂದೇ ಅಲ್ಲ. ದೇವರಾಯನದುರ್ಗದ ತಿರುವುಗಳಲ್ಲಿ ಪುಸ್ತಕ ಓದುತ್ತಾ ಹೋದವರಿಗೆ ಹೊಟ್ಟೆ ತೊಳಸುತ್ತದಲ್ಲ? ಒಳಗಿವಿಗೆ ಚಲನೆ ಗೊತ್ತಾಗುತ್ತದೆ, ಪುಟದ ಮೇಲಿರುವ ಕಣ್ಣಿಗೆ ಗೊತ್ತಾಗುವುದಿಲ್ಲ. ಹೆಡ್‌ಸೆಟ್‌ನಲ್ಲಿ ಇದು ತಿರುಗುಮುರುಗು: ಕಣ್ಣು ಓಡುತ್ತದೆ, ದೇಹ ಕುರ್ಚಿಯಲ್ಲೇ ಇರುತ್ತದೆ. ತಲೆ ತಿರುಗಿಸಿದ ಮೇಲೆ ಸೆಕೆಂಡಿನ 50ನೇ ಒಂದು ಭಾಗದೊಳಗೆ ಚಿತ್ರವೂ ತಿರುಗಬೇಕು ಎಂಬುದು ಈ ಕ್ಷೇತ್ರದವರ ಲೆಕ್ಕ. ಸೊರಗಿದ ಲ್ಯಾಪ್‌ಟಾಪ್ ಈ ಲೆಕ್ಕ ತಪ್ಪಿಸುತ್ತದೆ, ತಲೆಸುತ್ತು ಮಕ್ಕಳ ಪಾಲಾಗುತ್ತದೆ.

ವಯಸ್ಸಿನ ಮಾತೂ ಇದೆ. ಕ್ವೆಸ್ಟ್ ತಯಾರಿಸುವ ಮೆಟಾ ಕಂಪನಿ ಮೊದಲು 13 ವರ್ಷ ತುಂಬಿರಬೇಕು ಎನ್ನುತ್ತಿತ್ತು. 2023ರಲ್ಲಿ, ತಂದೆ ತಾಯಿಯ ನಿಗಾ ಇರುವ ಖಾತೆಯಾದರೆ 10ಕ್ಕೇ ಸರಿ ಎಂದಿತು. ಹತ್ತರ ಒಳಗಿನವರಿಗೆ ಬೇಡ. ಹೆಡ್‌ಸೆಟ್‌ನ ತೂಕವೇ ಅರ್ಧ ಕಿಲೋ, ಎಳೆಯ ಕತ್ತಿಗೆ ಅದು ಹೊರೆ. ಮಕ್ಕಳ ಕಣ್ಣುಗಳ ನಡುವಿನ ಅಂತರವೂ ಕಡಿಮೆ. ಕ್ವೆಸ್ಟ್ 2ರ ಲೆನ್ಸ್‌ಗಳನ್ನು 58 ಮಿಲಿಮೀಟರ್‌ಗಿಂತ ಹತ್ತಿರ ತರಲು ಬರುವುದಿಲ್ಲ. ಹಾಕಿಕೊಂಡವರಿಗೆ ಸುತ್ತಲಿನ ಟೀಪಾಯಿ, ದೀಪದ ಕಂಬ, ಅಜ್ಜಿಯ ಕಾಲು ಯಾವುದೂ ಕಾಣದು. ಜಾಗ ಖಾಲಿ ಮಾಡಿ, ದೊಡ್ಡವರೊಬ್ಬರು ಹತ್ತಿರ ನಿಂತಿರಿ.

ಲ್ಯಾಪ್‌ಟಾಪ್ ಹೊಂದದೆ ಹೋದರೆ ಇನ್ನೊಂದು 70–80 ಸಾವಿರ ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಹೆಡ್‌ಸೆಟ್ ಒಂದರಲ್ಲೇ ಆಟಗಳಿವೆ, ಸುತ್ತಲೂ ನೋಡುವ ವಿಡಿಯೊಗಳಿವೆ. ಮೊಣಕಾಲು ನೋವಿನ ಅಜ್ಜಿಗೆ ದೂರದ ಊರು ತೋರಿಸಲು ಅಷ್ಟು ಧಾರಾಳ ಸಾಕು. ಕೊಳ್ಳುವುದಾದರೆ, ಆಮದಾಗಿ ಬಂದ ಸೆಟ್ ಕೆಟ್ಟರೆ ವಾರಂಟಿ ಯಾರದು ಎಂದು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ಅದೂ ಬೇಡ, ರುಚಿ ನೋಡಿದರೆ ಸಾಕು ಎನ್ನುವವರಿಗೆ 2014ರಲ್ಲಿ ಗೂಗಲ್ ತೋರಿಸಿಕೊಟ್ಟ ರಟ್ಟಿನ ಪೆಟ್ಟಿಗೆ ಇದೆ. ರಟ್ಟು, ಎರಡು ಲೆನ್ಸ್, ಒಳಗೆ ಮನೆಯದೇ ಮೊಬೈಲು. ಗೂಗಲ್ ಅದನ್ನು ಮಾರುವುದು ನಿಲ್ಲಿಸಿದೆ, ಆದರೆ ಅದೇ ಬಗೆಯ ಪೆಟ್ಟಿಗೆಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಫೋನಿನಲ್ಲಿ ಗೈರೋಸ್ಕೋಪ್ ಎಂಬ ಭಾಗ ಇರಬೇಕು ಅಷ್ಟೆ. ಇದೆಯೋ ಇಲ್ಲವೋ ತಿಳಿಯಲು ಯೂಟ್ಯೂಬ್ ಆ್ಯಪ್‌ನಲ್ಲಿ ಒಂದು 360 ಡಿಗ್ರಿ ವಿಡಿಯೊ ಹಾಕಿ, ಫೋನ್ ಹಿಡಿದು ನಿಂತಲ್ಲೇ ನಿಧಾನ ತಿರುಗಿ. ಚಿತ್ರವೂ ನಿಮ್ಮ ಜೊತೆ ತಿರುಗಿದರೆ ಇದೆ ಎಂದರ್ಥ.