ಚಕ್ರದ ಮೇಲಿನ ಮನೆಯಲ್ಲಿ ಕೆಂಪು ಕಣಿವೆಗೆ

ಅಮೆರಿಕದಲ್ಲಿರುವ ಮಗನೋ ಮಗಳೋ "ಈ ಸಲ ಆರ್.ವಿ. ಬಾಡಿಗೆಗೆ ತಗೊಂಡು ಅರಿಜೋನಾ ಸುತ್ತೋಣ" ಅಂದರೆ ಗಾಬರಿಯಾಗಬೇಡಿ. ಹಾಸಿಗೆ, ಒಲೆ, ಫ್ರಿಜ್, ಶೌಚಾಲಯ ಎಲ್ಲ ಇರುವ ದೊಡ್ಡ ಗಾಡಿ ಅದು. ದಾರಿಯಲ್ಲೇ ಬಿಸಿಬಿಸಿ ಅನ್ನ-ಸಾರು ಮಾಡಿಕೊಳ್ಳಬಹುದು! ಗ್ರ್ಯಾಂಡ್ ಕ್ಯಾನ್ಯನ್ ಎಲ್ಲರೂ ನೋಡುತ್ತಾರೆ. ಅಲ್ಲಿಂದ ಪೂರ್ವಕ್ಕೆ ಅರ್ಧ ದಿನದ ದಾರಿ ಹೋದರೆ ಚಿನ್ಲೆ ಎಂಬ ಊರು. ಅದರ ಪಕ್ಕದಲ್ಲೇ ಇದೆ ಕ್ಯಾನ್ಯನ್ ಡಿ ಶೇ.

ಹೆಸರಿನ ಕಥೆ ಕೇಳಿ. ನವಾಹೋ ಜನರ ಮಾತಿನಲ್ಲಿ ಇದು 'ತ್ಸೇಯಿ', ಅಂದರೆ ಬಂಡೆಯ ಒಳಗೆ. ಸ್ಪ್ಯಾನಿಷರ ನಾಲಿಗೆಯಲ್ಲಿ ಅದು 'ಚೆಲ್ಲಿ'ಯಾಗಿ, ಈಗ ಬರೆಯುವುದು ಒಂದು, ಓದುವುದು ಇನ್ನೊಂದು. ನಮ್ಮ ಮಡಿಕೇರಿ 'ಮರ್ಕಾರ' ಆಗಿರಲಿಲ್ಲವೇ, ಹಾಗೆ.

ಕೆಂಪು ಗೋಡೆಗಳು ಕಣಿವೆಯ ಬಾಯಲ್ಲಿ ಬರೀ 30 ಅಡಿ, ಒಳಗೆ ಹೋದಂತೆ ಸಾವಿರ ಅಡಿ. ಇಪ್ಪತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಗಾಳಿ ಗುಡ್ಡೆಹಾಕಿದ ಮರಳು ಗಟ್ಟಿಯಾಗಿ ಕಲ್ಲಾಯಿತು. ಆಮೇಲೆ ನೀರು ಅದನ್ನು ಕೊರೆಯಿತು. ಒಳಗೆ ನಿಂತಿರುವ ಸ್ಪೈಡರ್ ರಾಕ್ ಸುಮಾರು 800 ಅಡಿ. ನಮ್ಮ ಕುತುಬ್ ಮಿನಾರಿನ ಮೂರು ಪಟ್ಟಿಗೂ ಹೆಚ್ಚು! ಅದರ ತುದಿಯಲ್ಲಿ ಜೇಡಜ್ಜಿ ಇದ್ದಾಳೆ, ತಮಗೆ ನೇಯ್ಗೆ ಕಲಿಸಿದವಳು ಅವಳೇ ಎಂಬುದು ನವಾಹೋ ಜನರ ನಂಬಿಕೆ.

ಈ ಚೆಲುವಿನ ಹಿಂದೆ ಕಣ್ಣೀರೂ ಇದೆ. 1864ರ ಜನವರಿಯಲ್ಲಿ ಕಿಟ್ ಕಾರ್ಸನ್‌ನ ಸೈನಿಕರು ಕಣಿವೆಗೆ ನುಗ್ಗಿದರು. ಮನೆ, ಬೆಳೆ ಸುಟ್ಟರು, ಕುರಿಗಳನ್ನು ಹಿಡಿದರು. ಅದೇ ಬೇಸಿಗೆಯಲ್ಲಿ ಸಾವಿರಾರು ಪೀಚ್ ಮರಗಳನ್ನು ಕಡಿದರು. ಯಾಕೆ ಗೊತ್ತಾ? ಊಟವಿಲ್ಲದಿದ್ದರೆ ಜನ ತಾವೇ ಶರಣಾಗುತ್ತಾರೆ ಎಂಬ ಲೆಕ್ಕ. ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ನ್ಯೂ ಮೆಕ್ಸಿಕೋದ ಬೋಸ್ಕೆ ರೆಡೊಂಡೋಗೆ ನಡೆಸಿಕೊಂಡು ಹೋದರು. ಸುಮಾರು 480 ಕಿ.ಮೀ. ನಡಿಗೆ. ಅದನ್ನು ಇಂದಿಗೂ 'ದೊಡ್ಡ ನಡಿಗೆ' ಎನ್ನುತ್ತಾರೆ. ದಾರಿಯಲ್ಲೂ ಅಲ್ಲಿಯೂ ಸತ್ತವರು ಬಹಳ. 1868ರ ಜೂನ್ 1ರಂದು ಒಪ್ಪಂದವಾಗಿ, ಉಳಿದವರು ತಮ್ಮ ನೆಲಕ್ಕೇ ಮರಳಿದರು. ಕಣಿವೆಯಲ್ಲಿ ಮತ್ತೆ ಪೀಚ್ ಗಿಡ ನೆಟ್ಟರು. 1931ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು. ಆದರೆ ನೆಲ ಇಂದಿಗೂ ನವಾಹೋ ಜನರದೇ. ಕೆಲವು ಕುಟುಂಬಗಳು ಕೆಳಗೆ ಈಗಲೂ ಬೇಸಾಯ ಮಾಡುತ್ತವೆ.

ಹಾಗಾಗಿ ನಾವು ಅಲ್ಲಿ ನೆಂಟರಂತೆ ಇರಬೇಕು. ಕೆಲವು ವಿಷಯ ನೆನಪಿರಲಿ:

• ಆರ್.ವಿ. ಕಣಿವೆಯ ಅಂಚಿನ ಡಾಂಬರು ರಸ್ತೆಗೆ ಮಾತ್ರ. ಬೆಳಿಗ್ಗೆ ಉತ್ತರದ ಅಂಚು, ಮಧ್ಯಾಹ್ನ ದಕ್ಷಿಣದ ಅಂಚು ನೋಡಿದರೆ ಬೆಳಕು ಚೆನ್ನ. ಕೆಳಗಿಳಿಯಲು ನವಾಹೋ ಗೈಡ್ ಬೇಕೇ ಬೇಕು.

• ಕಾಟನ್‌ವುಡ್ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿಗೆ ವಿದ್ಯುತ್ ಸಂಪರ್ಕವಿಲ್ಲ, ಸ್ನಾನದ ಮನೆಯೂ ಇಲ್ಲ. ನೀರಿನ ಟ್ಯಾಂಕು ಮೊದಲೇ ತುಂಬಿಸಿ.

• ಮಾರ್ಚಿನಿಂದ ನವೆಂಬರ್‌ವರೆಗೆ ಇಲ್ಲಿನ ಗಡಿಯಾರ ಅರಿಜೋನಾದ ಉಳಿದ ಭಾಗಕ್ಕಿಂತ ಒಂದು ಗಂಟೆ ಮುಂದೆ. ಗೈಡ್ ಜೊತೆ ಸಮಯ ಗೊತ್ತುಮಾಡುವಾಗ ಎಚ್ಚರ!

• ಜನರ, ಅವರ ಮನೆಗಳ ಫೋಟೋ ಕೇಳದೆ ತೆಗೆಯಬೇಡಿ. ಮದ್ಯ ನಿಷಿದ್ಧ.

• ಜುಲೈನಿಂದ ಸೆಪ್ಟೆಂಬರ್ ಮಳೆಗಾಲ. ಕಣಿವೆಯಲ್ಲಿ ದಿಢೀರ್ ಪ್ರವಾಹ ಬರಬಹುದು, ಗೈಡ್ ಬೇಡವೆಂದರೆ ಬೇಡ.

ಸ್ಪೈಡರ್ ರಾಕ್ ಎದುರು ನಿಂತಾಗ ಐದು ನಿಮಿಷ ಕ್ಯಾಮೆರಾ ಕೆಳಗಿಡಿ. ಕೆಳಗೆ ಯಾರದೋ ಹೊಲ ಕಾಣುತ್ತದೆ. ಅಟ್ಟಿದರೂ ತಿರುಗಿ ಬಂದವರ ಹೊಲ ಅದು.